ಹಲ್ಲುಚಕ್ರ

ಬಾಯಿ ತೆರೆದೇ ಇರಲಿ ಅಂದುಂಞಿಚ್ಚ.
ಮದ್ದು ಏರಲು ಹತ್ತು ನಿಮಿಷ ಬೇಕು.
ಹೊಸಂಗಡಿ ಗೇಟು ಹಾಕಿ ನೀವು
ಇಡೀ ಊರನ್ನು ನಿಲ್ಲಿಸುತ್ತಿದ್ದಿರಲ್ಲ, ಅಷ್ಟೇ ಹೊತ್ತು.
ಆ ಗೋಡೆಯ ನೀಲಿ ಶಾಲು ಯಾವುದೆಂದು
ಮೂರು ವರ್ಷದಿಂದ ಕೇಳುತ್ತಿದ್ದೀರಿ.
ಇವತ್ತು ಹೇಳುತ್ತೇನೆ. ನಡುವೆ ಮಾತಾಡುವ ಹಾಗಿಲ್ಲ.

ಅದರಲ್ಲಿ ಹೆಣೆದದ್ದು ಹಲ್ಲುಚಕ್ರ, ಮಧ್ಯೆ ಚೆಂಡು.
ದಂತ ಕಾಲೇಜಿನ ಗುರುತೆಂದು ನನ್ನ ಹೆಂಡತಿ
ಮದುವೆಯಾಗಿ ಒಂದು ವರ್ಷ ನಂಬಿದ್ದಳು.
‘ಶೆಸ್ತೆರ್ನ್ಯಾ’ ಅಂತ ಹೆಸರು. ಬಾಸ್ಕೆಟ್‌ಬಾಲ್ ಕ್ಲಬ್ಬು.
ವೋಲ್ಗಾದ ದಡದಲ್ಲಿ ಟ್ರ್ಯಾಕ್ಟರಿನ ಗೇರು ಕೊರೆಯುವ ಕಾರ್ಖಾನೆ;
ಯುದ್ಧ ಮುಗಿದ ಮರುವರ್ಷ
ಎರಡನೇ ಪಾಳಿಯ ಹುಡುಗರು
ಬಕೆಟ್ಟಿನ ತಳ ಕತ್ತರಿಸಿ ಗೋಡೆಗೆ ಹೊಡೆದರಂತೆ.
ಅಂತೆ. ನಾನು ಕಂಡದ್ದಲ್ಲ. ಟಿಕೇಟು ಹರಿಯುತ್ತಿದ್ದ
ಜಿನೈದಾ ಅರ್ಕಾದ್ಯೆವ್ನಾ ಹೇಳಿದ್ದು.
ಆಕೆಯ ಗಂಡನೇ ಆ ಬಕೆಟ್ಟಿಗೆ ದಂಡ ಕಟ್ಟಿದವನು.

ನಾನು ಹೋದದ್ದು ತೊಂಬತ್ತಾರರಲ್ಲಿ.
ಆಗ ಅವರು ಸಂಬಳದ ಆಟಗಾರರು,
ಸಂಬಳ ಮಾತ್ರ ಕಾಗದದಲ್ಲಿ.
ಕಾರ್ಖಾನೆ ದುಡ್ಡಿನ ಬದಲು ಗೇರು ಕೊಡುತ್ತಿತ್ತು.
ಏಳಡಿಯ ಇಲ್ದುಸ್ ಶರಾಫೀವ್,
ಶನಿವಾರ ಇಪ್ಪತ್ತಾರು ಅಂಕ ಹಾಕಿದವನು,
ಭಾನುವಾರ ಸಂತೆಯಲ್ಲಿ
ಗೋಣಿ ಹಾಸಿ ಗೇರು ಮಾರುತ್ತಿದ್ದ.
ಕೂತರೂ ಗಿರಾಕಿಗಳಿಗಿಂತ ಎತ್ತರ.
ನಾನೊಂದು ಕೊಂಡೆ. ಟ್ರ್ಯಾಕ್ಟರಿಲ್ಲದವನಿಗೆ ಯಾಕೆ, ಕೇಳಿದ.
ಹಾಸ್ಟೆಲಿನ ಬಾಗಿಲು ಗಾಳಿಗೆ ಬಡಿಯುತ್ತದೆ, ಒತ್ತಿಗಿಡಲಿಕ್ಕೆ, ಅಂದೆ.
ನಕ್ಕ. ಮೇಲಿನ ಎಡಗೋರೆ ಇರಲಿಲ್ಲ.
ಆಗ ನಾನಿನ್ನೂ ಎರಡನೇ ವರ್ಷ, ನೋಡಿದ್ದಷ್ಟೇ.

ನಿಜ ಹೇಳಬೇಕೆಂದರೆ
ಮೊದಲು ಹೋದದ್ದು ಆಟಕ್ಕಲ್ಲ, ಅಲ್ಲಿಯ ಬಿಸಿನೀರಿನ ಪೈಪಿಗೆ.
ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ,
ಒಳಗೆ ಪೈಪಿಗೆ ಬೆನ್ನು ಕೊಟ್ಟ ಕುಂಬಳೆಯ ಹುಡುಗ.
ನನ್ನ ಹೆಸರಿನ ‘ಟ್ಟಿ’ ಅವರ ನಾಲಗೆಗೆ ಹತ್ತದೆ
ಗಟ್ಟಿ ಹೋಗಿ ‘ಗತ್ತಿ’ ಆಗಿದ್ದೆ.
ಕೂಗು ಗತ್ತಿ, ಕೂಗು, ಅನ್ನುವರು. ಏನಂತ ಕೂಗುವುದು?
ಒಂದು ರಾತ್ರಿ, ಉಳಿದದ್ದು ನಾಲ್ಕು ಸೆಕೆಂಡು, ಒಂದು ಅಂಕ ಹಿಂದೆ,
ಚೆಂಡು ರಿಂಗಿನ ಅಂಚಿನಲ್ಲಿ ಸುತ್ತುತ್ತಿತ್ತು,
ಸುತ್ತುತ್ತಲೇ ಇತ್ತು.
‘ಬೀಳ್, ಬೀಳ್ ಮಾರಾಯಾ!’
ಬಿತ್ತು.

ಆಮೇಲೆ ಆ ಮೂಲೆಯ ನಲವತ್ತು ಜನ
ಪ್ರತಿ ಫ್ರೀ ಥ್ರೋಗೂ ‘ಬಿಲ್, ಬಿಲ್ ಮರಾಯ!’
ಅವರಲ್ಲಿ ‘ಬಿಲ್’ ಅಂದರೆ ಹೊಡೆದ ಅಂತ. ಸರಿಹೋಯಿತು.
ಮರಾಯ ಯಾರೆಂದು ಯಾರೂ ಕೇಳಲಿಲ್ಲ.

ತೊಂಬತ್ತೆಂಟರಲ್ಲಿ ರೂಬಲ್ ಬಿತ್ತು. ಅದಕ್ಕೆ ನಾನು ಕೂಗಿರಲಿಲ್ಲ.
ತಂಡದ ಬಸ್ಸು ಮಾರಿದರು.
ರೈಲಿನ ಅಗ್ಗದ ಬೋಗಿಯಲ್ಲಿ ಇಲ್ದುಸನ ಕಾಲು
ಓಣಿಯ ಆಚೆಬದಿಗೆ ತಲುಪುತ್ತಿತ್ತಂತೆ,
ಚಹಾದವಳು ದಾಟಿ ದಾಟಿ ಬೈಯುತ್ತಿದ್ದಳಂತೆ.
ಎರಡು ವರ್ಷ ಯಾವುದೋ ಬಿಯರಿನ ಹೆಸರಲ್ಲಿ ಆಡಿದರು.
ಜಿನೈದಾ ಮಾತ್ರ ಟಿಕೇಟಿಗೆ
ಹಳೆಯ ಹೆಸರಿನ ಮೊಹರನ್ನೇ ಒತ್ತಿದಳು, ಶಾಯಿ ಮುಗಿಯುವವರೆಗೆ.
ಮುಗಿದ ಮೇಲೆ ಉಗುಳು ಹಚ್ಚಿ.

ನಾನು ಊರಿಗೆ ಬಂದು, ಇಲ್ಲಿ ಕುರ್ಚಿ ಹಾಕಿ,
ನಿಮ್ಮ ಗೇಟಿನ ಗಂಟೆ ಕೇಳುತ್ತಾ ಏಳು ವರ್ಷ ಕಳೆದ ಮೇಲೆ
ಕ್ಲಬ್ಬು ಹೋಯಿತು. ಯಾವ ದಿನವೆಂದು ಗೊತ್ತಿಲ್ಲ.
ಜಪ್ತಿಯಿಲ್ಲ, ಭಾಷಣವಿಲ್ಲ;
ಒಂದು ಅಕ್ಟೋಬರಿನ ಪಂದ್ಯಪಟ್ಟಿಯಲ್ಲಿ ಹೆಸರಿರಲಿಲ್ಲ ಅಷ್ಟೆ.
ಒಳಾಂಗಣದಲ್ಲೀಗ ಟೈಲ್ಸ್ ಅಂಗಡಿಯಂತೆ.
ಹರಿಯದೆ ಉಳಿದ ಟಿಕೇಟಿನ ಸುರುಳಿಯೊಂದು ಪಾರ್ಸೆಲ್ ಬಂತು.
ನಿಮ್ಮ ಕೈಯಲ್ಲಿರುವ ಟೋಕನ್, ಹದಿನೇಳು, ಅದರದ್ದೇ.

ತುಟಿ ದಪ್ಪವಾಯಿತೆ? ಹೇಳಬೇಡಿ, ತಲೆಯಾಡಿಸಿ.
ಈಗ ಎಳೆಯುವುದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ.
ಹತ್ತಿ ಅರ್ಧ ಗಂಟೆ ಕಚ್ಚಿಕೊಂಡಿರಿ, ಬಿಸಿ ಚಾ ಬೇಡ.
ಹೋಗುವಾಗ ಬಾಗಿಲ ಹತ್ತಿರ ಕೆಳಗೆ ನೋಡಿ ನಡೆಯಿರಿ.
ಬರುವಾಗ ನೀವು ಎಡವಿ ಬೈದದ್ದು
ಇಲ್ದುಸನ ಸಂಬಳಕ್ಕೆ.